ಬಸ್ಸಿನಲ್ಲಿ ತಲೆ ಎಣಿಸುವುದು: ನನ್ನ ಕ್ರಮ

ಬೆಂಗಳೂರಿನ ಸಿಟಿ ಬಸ್ಸನ್ನೂ ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸಾದ ಚಿಗರಿಯನ್ನೂ ಪಕ್ಕಪಕ್ಕ ಇಟ್ಟು ಅಳೆಯಬೇಕಾದಾಗ ‘ದಿನದ ಪ್ರಯಾಣಿಕರು’ ಎಂಬ ಅಂಕಿಯನ್ನು ಮೊದಲು ಬದಿಗಿಡುತ್ತೇನೆ. ಊರಿಂದ ಊರಿಗೆ ಆ ಮಾತಿನ ಅರ್ಥವೇ ಬೇರೆ. ಕಂಡಕ್ಟರ್ ಇರುವ ಬಸ್ಸಿನಲ್ಲಿ ಅದು ಇಟಿಎಂನಿಂದ (ಕಂಡಕ್ಟರ್ ಕೈಯ ಟಿಕೆಟ್ ಯಂತ್ರ) ಬಂದ ಟಿಕೆಟ್, ಜೊತೆಗೆ ಪಾಸಿನವರ ಅಂದಾಜು. ಚಿಗರಿಯಲ್ಲಿ ಟಿಕೆಟ್ ನಿಲ್ದಾಣದಲ್ಲೇ ಆಗಿಬಿಡುತ್ತದೆ. ಮೆಟ್ರೋದಲ್ಲಿ ಗೇಟು ದಾಟಿದವರ ಲೆಕ್ಕ: ಕೆಂಗೇರಿಯಿಂದ ಬಂದು ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ ಹಿಡಿದು ಜಯನಗರಕ್ಕೆ ಹೋದವರು ಗೇಟಿಗೆ ಒಬ್ಬರೇ, ಅದೇ ದಾರಿಗೆ ಎರಡು ಬಸ್ ಹತ್ತಿದರೆ ಇಬ್ಬರು. ದೆಹಲಿ ಮೆಟ್ರೋ ಪ್ರಕಟಿಸುವ ಅಂಕಿಯಲ್ಲಂತೂ ಮಾರ್ಗ ಬದಲಾಯಿಸಿದವರು ಮಾರ್ಗಕ್ಕೊಮ್ಮೆ ಸೇರುತ್ತಾರೆ.

2023ರ ಜೂನ್ 11ಕ್ಕೆ ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲಿನ ಏರಿಕೆಯನ್ನೂ ಹೀಗೆಯೇ ಬಿಡಿಸಿ ನೋಡಬೇಕು. ಪಾಸಿನಲ್ಲಿ ಓಡಾಡುತ್ತಿದ್ದ ಮಹಿಳೆ ಮೊದಲು ಅಂದಾಜಿನಲ್ಲಿದ್ದರು. ಈಗ ಹತ್ತಿದಾಗಲೆಲ್ಲ ಒಂದು ಶೂನ್ಯ ಟಿಕೆಟ್. ಏರಿಕೆ ಸುಳ್ಳಲ್ಲ, ಬಸ್ಸೊಳಗಿನ ನೂಕುನುಗ್ಗಲೇ ಸಾಕ್ಷಿ. ಆದರೆ ಅದರಲ್ಲಿ ಎಣಿಕೆಯ ವಿಧಾನ ಬದಲಾದ ಪಾಲೂ ಇದೆ. ಶೂನ್ಯ ಟಿಕೆಟ್‌ನಿಂದ ಪ್ರಯಾಣಿಕ-ಕಿಲೋಮೀಟರ್ (ಪ್ರತಿಯೊಬ್ಬರೂ ಸಾಗಿದ ದೂರದ ಮೊತ್ತ) ತೆಗೆಯುವಾಗ ಇನ್ನೂ ಎಚ್ಚರ ಬೇಕು. ದುಡ್ಡಿನ ವ್ಯತ್ಯಾಸ ಇಲ್ಲದ ಮೇಲೆ ಇಳಿಯುವ ಸ್ಟೇಜು ಯಾವುದೆಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಹಾಗಾಗಿ ಕಣ್ಣಾರೆ ನೋಡಿ ಎಣಿಸುವುದು ಬೇಕೇ ಬೇಕು. ಬಾಗಿಲಿಗೆ ಒಬ್ಬರು, ಒಬ್ಬೊಬ್ಬರ ಕೈಯಲ್ಲಿ ಎರಡು ಒತ್ತುವ ಕೌಂಟರ್: ಬಲಗೈ ಹತ್ತಿದವರಿಗೆ, ಎಡಗೈ ಇಳಿದವರಿಗೆ. ಸ್ಟಾಪುಗಳ ಹೆಸರು ಮೊದಲೇ ಅಚ್ಚಾಗಿರುವ ಹಾಳೆಯಲ್ಲಿ ಪ್ರತಿ ಸ್ಟಾಪ್ ದಾಟಿದ ಮೇಲೆ ಕೌಂಟರ್ ತೋರಿಸುವ ಒಟ್ಟು ಅಂಕಿ ಬರೆಯಬೇಕು, ಸೊನ್ನೆಗೆ ತಿರುಗಿಸಬಾರದು. ತಿರುಗಿಸುವ ಎರಡು ಸೆಕೆಂಡಿನಲ್ಲೇ ಮೂವರು ನುಸುಳಿರುತ್ತಾರೆ. ಒಟ್ಟು ಅಂಕಿ ಇದ್ದರೆ ಒಂದು ಸ್ಟಾಪ್ ಬರೆಯುವುದು ತಪ್ಪಿದರೂ ಟ್ರಿಪ್ಪಿನ ಲೆಕ್ಕ ಉಳಿಯುತ್ತದೆ.

ಕೊನೆಯ ಸ್ಟಾಪಿನಲ್ಲಿ ಹತ್ತಿದ್ದೂ ಇಳಿದದ್ದೂ ಸಮ ಬರಬೇಕು. ನೂರಕ್ಕೆ ಮೂರರ ತನಕ ವ್ಯತ್ಯಾಸವನ್ನು ನಾನು ಒಪ್ಪುತ್ತೇನೆ, ಮೀರಿದರೆ ಆ ಟ್ರಿಪ್ ರದ್ದು. ತಪ್ಪು ಹೆಚ್ಚಾಗಿ ಇಳಿದವರ ಕಡೆ ಇರುತ್ತದೆ. ಸಿಗ್ನಲ್‌ನಲ್ಲಿ ಬಾಗಿಲು ತೆರೆದಿದ್ದರೆ ನಾಲ್ಕು ಜನ ಜಿಗಿಯುತ್ತಾರೆ, ಎಣಿಸುವವರು ಮೊಬೈಲ್ ನೋಡುತ್ತಿರುತ್ತಾರೆ. ಇನ್ನೊಂದು, ಬಾಗಿಲ ಬಳಿ ನಿಂತವರು ಇಳಿಯುವವರಿಗೆ ದಾರಿ ಬಿಡಲು ಕೆಳಗಿಳಿದು ಮತ್ತೆ ಹತ್ತುತ್ತಾರೆ. ಎರಡೂ ಕೌಂಟರ್ ಒತ್ತಿದರೆ ಮೊತ್ತ ಸಮವಾಗಿಯೇ ಇರುತ್ತದೆ, ಆದ್ದರಿಂದ ಆ ತಪ್ಪು ಕೊನೆಯ ತಾಳೆಯಲ್ಲಿ ಸಿಗುವುದಿಲ್ಲ. ಬಸ್ ಹೊರಡುವ ತನಕ ಕಣ್ಣಲ್ಲೇ ಹಿಡಿದಿಟ್ಟುಕೊಂಡು ಆಮೇಲೆ ಒತ್ತುವುದೇ ಉಪಾಯ. ಕೈಗೂಸುಗಳಿಗೆ ಬೇರೆ ಕಾಲಂ. ಡ್ರೈವರ್, ಕಂಡಕ್ಟರ್, ಎಣಿಸುವ ನಾವಿಬ್ಬರು ಲೆಕ್ಕಕ್ಕಿಲ್ಲ. ಹೊಸಬರು ತಮ್ಮನ್ನೇ ಎಣಿಸಿಕೊಳ್ಳುವುದು ಮಾಮೂಲು.

ಇನ್ನು ತೃಪ್ತಿ. ‘ಬಸ್ ಹೇಗಿದೆ?’ ಎಂದು ಕೇಳಿದರೆ ಬೆಂಗಳೂರಿನಲ್ಲಿ ‘ಪರವಾಗಿಲ್ಲ’, ಧಾರವಾಡದಲ್ಲಿ ‘ಅಡ್ಡಿಯಿಲ್ಲ’ ಎನ್ನುತ್ತಾರೆ. ಮೊದಲನೆಯದು ಐದರಲ್ಲಿ ಮೂರೋ ಎರಡೋ ಗೊತ್ತಾಗದು. ಎರಡನೆಯದು ಹೇಳಿದ ಧಾಟಿ ನೋಡಿ ಮೂರೂ ಆಗಬಹುದು, ನಾಲ್ಕೂ ಆಗಬಹುದು. ಇವನ್ನು ಅಂಕವಾಗಿಸಿ ಊರುಗಳಿಗೆ ರ‍್ಯಾಂಕ್ ಕೊಡುವುದು ನನ್ನ ಪ್ರಕಾರ ಕಾಗದ ದಂಡ. ಇವತ್ತಿನ, ಈ ಪ್ರಯಾಣದ ಸಂಗತಿ ಕೇಳಿ: ಎಷ್ಟು ನಿಮಿಷ ಕಾದಿರಿ, ಎಷ್ಟು ಬಸ್ ನಿಲ್ಲಿಸದೆ ಹೋದವು, ಸೀಟು ಸಿಕ್ಕಿತೇ, ಚಿಲ್ಲರೆ ಕೈಗೆ ಬಂತೋ ಟಿಕೆಟ್ ಹಿಂದೆ ಬರೆದುಕೊಟ್ಟರೋ. ಆರು ಪ್ರಶ್ನೆ ಮೀರಿದರೆ ಎರಡು ಸ್ಟಾಪ್ ದೂರ ಹೋಗುವವರು ಮಾದರಿಯಿಂದ ಜಾರಿಹೋಗುತ್ತಾರೆ.

ಕಾದ ನಿಮಿಷವನ್ನು ಬಸ್ ಬಂದ ಹೊತ್ತಿನೊಂದಿಗೆ ತಾಳೆ ನೋಡುತ್ತೇನೆ. ಸರಾಸರಿ 10 ನಿಮಿಷಕ್ಕೊಂದು ಬಸ್ ಎಂದರೆ 5 ನಿಮಿಷ ಕಾಯುವುದು ಎಂದುಕೊಳ್ಳುತ್ತಾರೆ. ಆದರೆ ಅಂತರಗಳು 2, 18, 2, 18 ಆಗಿದ್ದರೂ ಸರಾಸರಿ ಹತ್ತೇ. 18ರ ಅಂತರದಲ್ಲಿ ಸ್ಟಾಪಿಗೆ ಬರುವ ಜನ ಒಂಬತ್ತು ಪಟ್ಟು. ಅಂತರಗಳ ವರ್ಗದ ಸರಾಸರಿ 164, ಅದನ್ನು ಸರಾಸರಿ ಅಂತರದ ಎರಡರಷ್ಟು, ಅಂದರೆ 20ರಿಂದ ಭಾಗಿಸಿದರೆ ಸರಾಸರಿ ಕಾಯುವಿಕೆ 8.2 ನಿಮಿಷ. ಜೋಡಿಯಾಗಿ ಬರುವ ಬಸ್ಸಿಗೆ ಜನ ಬೈಯುವುದು ಇದಕ್ಕೇ. ಇಲ್ಲಿ ಹೊಸ ಬಸ್ ಕೊಡುವ ಮೊದಲು ಇರುವ ಬಸ್ಸುಗಳ ನಡುವೆ ಅಂತರ ಕಾಯ್ದುಕೊಳ್ಳಬೇಕು.

ಎಷ್ಟು ಜನರನ್ನು ಕೇಳಬೇಕು? ಶೇ 95 ಭರವಸೆ, 5 ಅಂಶ ಆಚೀಚೆ ಎಂದರೆ ಪುಸ್ತಕದ ಲೆಕ್ಕ 385. ಆದರೆ ಒಂದೇ ಬಸ್ಸಿನವರು ಒಂದೇ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದವರು, ಉತ್ತರವೂ ಒಂದೇ ಕಡೆ ವಾಲುತ್ತದೆ. ಆ ಹೋಲಿಕೆಯನ್ನು ಸೊನ್ನೆಯಿಂದ ಒಂದರ ಅಳತೆಯಲ್ಲಿ 0.05 ಎಂದು ಹಿಡಿದು ಬಸ್ಸಿಗೆ 20 ಜನರನ್ನು ಕೇಳಿದರೆ 1.95 ಪಟ್ಟು, ಅಂದರೆ ಸುಮಾರು 750 ಜನ ಬೇಕು. ಬಸ್ಸಿಗೆ 8 ಜನ ಸಾಕೆಂದರೆ 520, ಆದರೆ 65 ಬಸ್ ಹತ್ತಬೇಕು. ನನ್ನ ಆಯ್ಕೆ ಎರಡನೆಯದು. ಹತ್ತುವವರಲ್ಲಿ ಪ್ರತಿ ಐದನೆಯವರನ್ನು ಹಿಡಿಯುತ್ತೇನೆ. ಇಲ್ಲದಿದ್ದರೆ ಪ್ರಶ್ನೆ ಕೇಳುವವರೆಲ್ಲರ ಕೈಯೂ ಕಿಟಕಿ ಪಕ್ಕ ಕುಳಿತವರ ಕಡೆಗೇ ಹೋಗುತ್ತದೆ, ಕಂಬಿ ಹಿಡಿದು ನಿಂತವರ ಸಿಟ್ಟು ಹಾಳೆಗೆ ಬರುವುದೇ ಇಲ್ಲ.

ಕೊನೆಗೆ ಸ್ಟಾಪಿನಲ್ಲಿ ಒಬ್ಬರನ್ನು ಒಂದು ಗಂಟೆ ನಿಲ್ಲಿಸುತ್ತೇನೆ. ಬಸ್ಸಿಗೆ ಕಾದೂ ಕಾದೂ ಆಟೋ ಹತ್ತಿದವರನ್ನು ಎಣಿಸುವುದಷ್ಟೇ ಅವರ ಕೆಲಸ. ಬಸ್ಸಿನೊಳಗೆ ತುಂಬಿಸಿದ ಹಾಳೆಗಳಲ್ಲಿ ಆ ಜನ ಎಲ್ಲೂ ಇರುವುದಿಲ್ಲ.