ಬಟ್ಟೆ ನಾಯಿಗೆ ಅರಿವಳಿಕೆ

ಪಶುವೈದ್ಯಕೀಯ ಪದವಿಯ ಐದೂವರೆ ವರ್ಷಗಳಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಶಿವಮೊಗ್ಗ, ಹಾಸನ, ಬೆಂಗಳೂರಿನ ಕಾಲೇಜುಗಳಲ್ಲಿ ಓದುವ ಕರಾವಳಿಯ ಮಕ್ಕಳು ಊರಿಗೆ ಬಂದಾಗ ಮಂಗಳೂರಿನ ನನ್ನ ಚಿಕಿತ್ಸಾಲಯಕ್ಕೂ ಬರುತ್ತಾರೆ. ಔಷಧಗಳ ಪ್ರಮಾಣ ಅವರಿಗೆ ಬಾಯಿಪಾಠ. ಕುದುರೆಗೆ ಮಂಪರು ಬರಿಸಲು ಕೊಡುವ ಜೈಲಜಿನ್‌ನ ಹತ್ತನೇ ಒಂದು ಪಾಲು ಹಸುವಿಗೆ ಸಾಕು ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಆದರೆ ಮಲಗಿಸಿದ ನಾಯಿಯ ತಲೆಯ ಬಳಿ ನಿಂತು, ಕತ್ತರಿ ಹಿಡಿದ ಹಿರಿಯ ವೈದ್ಯರಿಗೆ ‘ಸರ್, ಸ್ವಲ್ಪ ನಿಲ್ಲಿಸಿ’ ಎನ್ನಬೇಕಾದಾಗ ಮಾತು ಗಂಟಲಲ್ಲೇ ಉಳಿಯುತ್ತದೆ. ನಾನು ಅಣಕು ಅಭ್ಯಾಸ ಶುರುಮಾಡಿದ್ದು ಮುಖ್ಯವಾಗಿ ಆ ಮಾತನ್ನು ಹೊರತರಿಸಲು.

ವೈದ್ಯಕೀಯ ತರಬೇತಿಯ ಗೊಂಬೆಗಳಿಗೆ ದೊಡ್ಡ ಚರಿತ್ರೆಯಿದೆ. 1960ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅರಿವಳಿಕೆ ಕಲಿಸಲೆಂದೇ ತಯಾರಾದ ‘ಸಿಮ್ ಒನ್’ ಉಸಿರಾಡುತ್ತಿತ್ತು, ರೆಪ್ಪೆ ಬಡಿಯುತ್ತಿತ್ತು. ನನ್ನ ನಾಯಿ ಅದೇನನ್ನೂ ಮಾಡುವುದಿಲ್ಲ. ಬಾಯಿ ಅಗಲವಾಗಿ ತೆರೆಯುವ ಬಟ್ಟೆಯ ಗೊಂಬೆಯೊಂದನ್ನು ದರ್ಜಿಯಿಂದ ಹೊಲಿಸಿದೆ. ಗಂಟಲಿನಲ್ಲಿ ಎರಡು ಕೊಳವೆಗಳಿವೆ. ನಾಯಿಯನ್ನು ಎದೆ ಮೇಜಿಗೆ ತಾಗುವಂತೆ ಕೂರಿಸಿದಾಗ ಕೆಳಗೆ ಬರುವುದು ಶ್ವಾಸನಾಳ, ಮೇಲಿನದು ಅನ್ನನಾಳ. ಶ್ವಾಸನಾಳದ ಕೊನೆಗೆ ಅರ್ಧ ಲೀಟರಿನ ಬ್ಯಾಗ್, ಅನ್ನನಾಳದ ಕೊನೆಗೆ ಬಲೂನು. ಸೈಕಲ್ ಟ್ಯೂಬಿನ ತುಂಡೇ ಶ್ವಾಸನಾಳದ ಬಾಯಿ ಮುಚ್ಚುವ ಕಿರುನಾಲಿಗೆ (ಎಪಿಗ್ಲಾಟಿಸ್). ಉಸಿರಾಟಕ್ಕೆಂದು ಶ್ವಾಸನಾಳಕ್ಕೆ ತೂರಿಸುವ ಟ್ಯೂಬ್ ದಾರಿ ತಪ್ಪಿದರೆ ಹೊಟ್ಟೆಯ ಬಲೂನು ಉಬ್ಬುತ್ತದೆ, ಬೇರೆ ವಿವರಣೆ ಬೇಕಾಗುವುದಿಲ್ಲ. ಜೀವಂತ ನಾಯಿಯಲ್ಲಾದರೆ ಹೊರಬಿಡುವ ಉಸಿರನ್ನು ಅಳೆಯುವ ಕ್ಯಾಪ್ನೋಗ್ರಾಫಿನಲ್ಲಿ ಇಂಗಾಲದ ಡೈಆಕ್ಸೈಡಿನ ಅಲೆ ಮೂಡದಿರುವುದೇ ಎಚ್ಚರಿಕೆ ಎಂದು ಆಗಲೇ ಹೇಳಿಬಿಡುತ್ತೇನೆ.

ಟ್ಯೂಬ್ ಹಾಕುವ ಕೈಚಳಕ ಬೇಗ ಬರುತ್ತದೆ. ನಾನು ಹೆಚ್ಚು ಹೊತ್ತು ಕಳೆಯುವುದು ಅರಿವಳಿಕೆ ಯಂತ್ರದ ಪಾಪ್-ಆಫ್ ವಾಲ್ವ್ ಬಳಿ. ಇದು ಮುಚ್ಚಿಯೇ ಉಳಿದರೆ ಹೆಚ್ಚುವರಿ ಅನಿಲಕ್ಕೆ ಹೊರಹೋಗುವ ದಾರಿಯಿಲ್ಲ. ಎದೆಯೊಳಗೆ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಶ್ವಾಸಕೋಶ ಒಡೆಯಲೂಬಹುದು. ಯಂತ್ರದ ಸೋರಿಕೆ ಪರೀಕ್ಷೆಗೆ ವಾಲ್ವ್ ಮುಚ್ಚಲೇಬೇಕು: ಕೊಳವೆಯ ಬಾಯಿಗೆ ಹೆಬ್ಬೆರಳಿಟ್ಟು, ಒತ್ತಡವನ್ನು 30 ಸೆಂಟಿಮೀಟರ್ ನೀರಿನ ಮಟ್ಟಕ್ಕೆ ಏರಿಸಿ 10 ಸೆಕೆಂಡ್ ಕಾಯಬೇಕು. ಎಡವಟ್ಟಾಗುವುದು ಇದಾದ ಮೇಲೆ. ಎಲ್ಲರೂ ಹೆಬ್ಬೆರಳು ತೆಗೆದು ಒತ್ತಡ ಇಳಿಸುತ್ತಾರೆ, ವಾಲ್ವ್ ಮುಚ್ಚಿದಂತೆಯೇ ಇರುತ್ತದೆ. ಹೆಬ್ಬೆರಳು ಕದಲಿಸದೆ ವಾಲ್ವ್ ತೆರೆದೇ ಒತ್ತಡ ಇಳಿಸಬೇಕು ಎಂಬುದು ನನ್ನಲ್ಲಿ ಕಟ್ಟುನಿಟ್ಟು. ಆಗ ವಾಲ್ವ್ ತೆರೆದದ್ದೂ ಖಾತ್ರಿ, ಅದು ಕೆಲಸ ಮಾಡುತ್ತಿದೆ ಎಂಬುದೂ ಖಾತ್ರಿ.

ಅಭ್ಯಾಸ ನಡೆಯುತ್ತಿರುವಾಗ ನಾನು ಗೊತ್ತಾಗದಂತೆ ಆ ವಾಲ್ವನ್ನು ತಿರುಗಿಸಿ ಮುಚ್ಚಿಬಿಡುತ್ತೇನೆ. ಅರಿವಳಿಕೆಯ ಅನಿಲ ಐಸೋಫ್ಲುರೇನ್ ಇಲ್ಲ, ಬರೀ ಆಮ್ಲಜನಕ. ನಿಮಿಷಕ್ಕೆ 2 ಲೀಟರ್ ಹರಿವಿದ್ದರೆ ಯಂತ್ರದ 1 ಲೀಟರಿನ ಬ್ಯಾಗ್ ತುಂಬಲು ಅರ್ಧ ನಿಮಿಷ ಸಾಕು. ಮೊದಲು ಅದರ ಸುಕ್ಕು ಮಾಯವಾಗುತ್ತದೆ, ಆಮೇಲೆ ಕುತ್ತಿಗೆಯ ಬಳಿ ರಬ್ಬರ್ ಹೊಳೆಯತೊಡಗುತ್ತದೆ. ಅಷ್ಟಾದರೂ ವಿದ್ಯಾರ್ಥಿಗಳ ಕಣ್ಣು ಮಾನಿಟರಿನ ಬದಲು ಇಟ್ಟ ಟ್ಯಾಬ್‌ನ ಅಂಕಿಗಳ ಮೇಲೆ ನೆಟ್ಟಿರುತ್ತದೆ. ಆ ಅಂಕಿಗಳನ್ನು ನಾನು ಮೊಬೈಲಿನಿಂದ ಬದಲಿಸುತ್ತಿರುತ್ತೇನೆ. ಬ್ಯಾಗ್ ನೋಡಿದವರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಶಸ್ತ್ರಚಿಕಿತ್ಸಕರ ಪಾತ್ರ ನನ್ನ ಸಹೋದ್ಯೋಗಿಯದು. ‘ಸುಮ್ಮನಿರಮ್ಮ, ಮುಗಿಯುತ್ತಾ ಬಂತು’ ಎಂದು ಗದರುವುದು ಅವರ ಕೆಲಸ, ಅದನ್ನು ಅವರು ಅಗತ್ಯಕ್ಕಿಂತ ಚೆನ್ನಾಗಿಯೇ ಮಾಡುತ್ತಾರೆ. ಗದರಿದರೂ ಬಿಡದೆ ‘ಸರ್, ಬ್ಯಾಗ್ ಬಿಗಿದಿದೆ, ವಾಲ್ವ್ ತೆರೆಯುತ್ತಿದ್ದೇನೆ’ ಎಂದು ಹೇಳಿ ತೆರೆದವರು ಪಾಸು. ಹೇಳದೆ ಮೆಲ್ಲನೆ ತೆರೆದವರು ಮತ್ತೊಮ್ಮೆ ಮಾಡಬೇಕು. ಗಾಬರಿಯಲ್ಲಿ ತುಳುವಿನಲ್ಲಿ ಕೂಗಿದರೂ ನನ್ನ ತಕರಾರಿಲ್ಲ.

ಇನ್ನೊಂದು ಸನ್ನಿವೇಶದಲ್ಲಿ ಸರಾಸರಿ ರಕ್ತದೊತ್ತಡವನ್ನು 80ರಿಂದ 50ಕ್ಕೆ ಇಳಿಸುತ್ತೇನೆ. ಕೂಡಲೇ ಔಷಧದ ಟ್ರೇಗೆ ಕೈ ಹೋಗುತ್ತದೆ. ಒತ್ತಡ ಇಳಿಸುವ ಗುಣವಿರುವ ಐಸೋಫ್ಲುರೇನ್‌ನ ಡಯಲ್ ಎಷ್ಟರಲ್ಲಿದೆ ಎಂದು ಮೊದಲು ನೋಡಬೇಕು ಎಂಬುದು ಹೊಳೆಯುವುದೇ ಇಲ್ಲ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೇಳದೆ ಕೇಳದೆ ಹೋಗುವುದರಿಂದ ಅದಕ್ಕೂ ಒಂದು ಅಭ್ಯಾಸವಿದೆ. ಟ್ಯಾಬ್ ಆರಿಸುತ್ತೇನೆ, ದೀಪವನ್ನೂ ಆರಿಸುತ್ತೇನೆ. ಐಸೋಫ್ಲುರೇನನ್ನು ಆವಿಯಾಗಿಸುವ ವೇಪರೈಸರ್‌ಗೆ ಕರೆಂಟ್ ಬೇಡ, ಆದರೆ ಆಮ್ಲಜನಕದ ಕಾನ್ಸಂಟ್ರೇಟರ್ ನಿಂತುಹೋಗುತ್ತದೆ. ಆದ್ದರಿಂದ ಒಬ್ಬರು ಸಿಲಿಂಡರ್ ತೆರೆಯಬೇಕು, ಇನ್ನೊಬ್ಬರು ಸ್ಟೆತಾಸ್ಕೋಪ್ ಹಿಡಿಯಬೇಕು, ಯಾರು ಏನು ಮಾಡುತ್ತಿದ್ದೇವೆ ಎಂಬುದನ್ನು ಕತ್ತಲಲ್ಲೇ ಕೂಗಿ ಹೇಳಬೇಕು. ಕತ್ತಲಲ್ಲಿ ಇವರ ಸಂಕೋಚ ಕಡಿಮೆ ಎಂಬುದನ್ನೂ ಗಮನಿಸಿದ್ದೇನೆ.

ಬಟ್ಟೆ ನಾಯಿ ಕಲಿಸಲಾರದ್ದು ಕಣ್ಣನ್ನು. ಐಸೋಫ್ಲುರೇನ್‌ನಲ್ಲಿ ಶಸ್ತ್ರಚಿಕಿತ್ಸೆಗೆ ಬೇಕಾದ ಆಳ ಬಂದಾಗ ನಾಯಿಯ ಕಣ್ಣುಗುಡ್ಡೆ ಕೆಳಕ್ಕೆ ಹೊರಳುತ್ತದೆ. ಇನ್ನೂ ಆಳವಾದರೆ ಮತ್ತೆ ನಡುವಿಗೆ ಬರುತ್ತದೆ. ಚುಚ್ಚುಮದ್ದಾಗಿ ಕೊಡುವ ಕೀಟಮಿನ್‌ನಲ್ಲಾದರೆ ಕಣ್ಣು ನಡುವಿನಲ್ಲೇ ಇರುತ್ತದೆ, ರೆಪ್ಪೆಯ ಪ್ರತಿಕ್ರಿಯೆಯೂ ಉಳಿಯುತ್ತದೆ. ಬೀದಿನಾಯಿಗಳ ಸಂತಾನಶಕ್ತಿ ಹರಣ ಶಸ್ತ್ರಚಿಕಿತ್ಸೆಯಲ್ಲಿ ಕೀಟಮಿನ್ ಬಳಕೆ ಹೆಚ್ಚಾದ್ದರಿಂದ ಈ ವ್ಯತ್ಯಾಸ ಗೊತ್ತಿರಲೇಬೇಕು, ಅದನ್ನು ಕಲಿಯುವುದು ನಿಜವಾದ ನಾಯಿಯ ಪಕ್ಕದಲ್ಲೇ.

ಟ್ಯೂಬ್ ತೆಗೆದ ಕೂಡಲೇ ಕೈಗವಸು ಕಳಚುವವರನ್ನು ವಾಪಸು ಕರೆಯುತ್ತೇನೆ. 2008ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ಅರಿವಳಿಕೆಗೆ ಸಂಬಂಧಿಸಿದ ಸಾವು ನಾಯಿಗಳಲ್ಲಿ ಶೇ 0.17, ಬೆಕ್ಕುಗಳಲ್ಲಿ ಶೇ 0.24 ಇತ್ತು. ಆ ಸಾವುಗಳಲ್ಲಿ ನಾಯಿಗಳ ಹೆಚ್ಚುಕಡಿಮೆ ಅರ್ಧದಷ್ಟು, ಬೆಕ್ಕುಗಳ ಅರ್ಧಕ್ಕೂ ಹೆಚ್ಚು ಆಗಿದ್ದು ಶಸ್ತ್ರಚಿಕಿತ್ಸೆ ಮುಗಿದ ಮೇಲೆ, ಅದರಲ್ಲೂ ಬಹುಪಾಲು ಮೊದಲ ಮೂರು ಗಂಟೆಗಳಲ್ಲಿ. ಹಾಗಾಗಿ ಗೊಂಬೆಯ ಪಕ್ಕದಲ್ಲೂ ಒಬ್ಬರು ಪಟ್ಟಿ ಹಿಡಿದು ಕೂರಬೇಕು. ನಗು ಬರುತ್ತದೆ, ಬರಲಿ.

ಆರಂಭಿಸಬೇಕೆನ್ನುವವರಿಗೆ ನಾಯಿಯೇ ಬೇಕಿಲ್ಲ. ಒಂದು ಹಳೆಯ ಸರ್ಕ್ಯೂಟ್ (ಉಸಿರಾಟದ ಕೊಳವೆಗಳು), ವಾಲ್ವ್, ಬ್ಯಾಗ್ ಮತ್ತು ಗದರಲು ಒಬ್ಬ ಹಿರಿಯರಿದ್ದರೆ ಸಾಕು. ಕರಾವಳಿಯ ಸೆಕೆಗೆ ಅಂಟಂಟಾಗಿ ಬಿರಿಯತೊಡಗಿದ ರಬ್ಬರ್ ಬ್ಯಾಗುಗಳನ್ನು ನಾನು ಎಸೆಯದೆ ಅಭ್ಯಾಸಕ್ಕೆ ಇಟ್ಟುಕೊಳ್ಳುತ್ತೇನೆ. ಆದರೆ ಅಂಥ ಪ್ರತಿಯೊಂದಕ್ಕೂ ಕೆಂಪು ಟೇಪು ಸುತ್ತಿ ಬೇರೆ ಕಪಾಟಿನಲ್ಲಿಡಬೇಕು. ಕೆಂಪು ಟೇಪಿನ ಸಾಮಾನು ಶಸ್ತ್ರಚಿಕಿತ್ಸಾ ಕೊಠಡಿಯ ಬಾಗಿಲು ದಾಟುವಂತಿಲ್ಲ.