ವ್ಯಾನಿನ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ? ಕೊನೆಗೂ ನನ್ನ ಮೀಟರ್ ನಿಜ ಹೇಳಿತು

ಹೋದ ವಾರ ಬೇಕಂತಲೇ ವ್ಯಾನಿನೊಳಗಿನ ಫ್ರಿಜ್, ನೀರಿನ ಪಂಪ್ ನಡೆಸುವ ಬ್ಯಾಟರಿಯನ್ನು (ಇಂಜಿನ್‌ದು ಬೇರೆ) ಪೂರ್ತಿ ಖಾಲಿ ಮಾಡಿದೆ. ಹನ್ನೊಂದು ದಿನದಿಂದ ಅದು ಫುಲ್ ಚಾರ್ಜ್ ಆಗಿರಲಿಲ್ಲ, ಮೀಟರನ್ನೂ ಮುಟ್ಟಿರಲಿಲ್ಲ. ಬ್ಯಾಟರಿಯನ್ನು ರಕ್ಷಿಸುವ ಸರ್ಕ್ಯೂಟ್, ಅಂದರೆ ಬಿಎಂಎಸ್, ಖಾಲಿ ಅಂತ ಕಟ್ ಮಾಡಿದ ಕ್ಷಣದಲ್ಲಿ ಮೀಟರ್ ತೋರಿಸುತ್ತಿದ್ದದ್ದು 2%. ಫೋಟೋ ತೆಗೆದು, 'ಒಂದು ವೋಲ್ಟ್ ಮೀಟರ್ ಸಾಕು, ಇದೆಲ್ಲ ಯಾಕೆ ಮಾರಾಯ' ಅಂತ ನಕ್ಕಿದ್ದ ಗೆಳೆಯರಿಗೆಲ್ಲ ಕಳಿಸಿದೆ. ಒಬ್ಬ ಹೆಬ್ಬೆರಳು ಎತ್ತಿದ. ಉಳಿದವರು ಇನ್ನೂ ನೋಡಿಲ್ಲವಂತೆ!

ಈ 2% ನೋಡುವುದಕ್ಕೆ ಸುಮಾರು ನಾಲ್ಕು ವರ್ಷ ಹಿಡಿಯಿತು. ನಡುವೆ ಎರಡು ಲೆಡ್ ಆಸಿಡ್ ಬ್ಯಾಟರಿ ಸತ್ತವು. ಅವುಗಳಿಗೆ ಸುರಿದ ದುಡ್ಡಿನಲ್ಲಿ ಈಗಿನ ಮೀಟರ್ ನಾಲ್ಕೈದು ಬರುತ್ತಿತ್ತು.

ಮೊದಲು ಇದ್ದದ್ದು ಬ್ಯಾಟರಿ ಎಷ್ಟಿದೆ ಅಂತ ತೋರಿಸುವ ನಾಲ್ಕು ದೀಪದ ಪ್ಯಾನಲ್. ಬಿಸಿಲಿದ್ದರೆ ನಾಲ್ಕೂ ಉರಿಯುತ್ತವೆ, ನೀರಿನ ಪಂಪ್ ಹಾಕಿದರೆ ಎರಡಕ್ಕೆ ಇಳಿಯುತ್ತವೆ. ಆಮೇಲೆ ಡಿಜಿಟಲ್ ವೋಲ್ಟ್ ಮೀಟರ್ ಬಂತು. 12.7 ಅಂದರೆ ಫುಲ್, 12.2 ಅಂದರೆ ಅರ್ಧ, ಎಲ್ಲರಿಗೂ ಬಾಯಿಪಾಠ. ಆದರೆ ಆ ಲೆಕ್ಕ ಬ್ಯಾಟರಿ ಕೆಲವು ಗಂಟೆ ಸುಮ್ನೆ ಕೂತಿದ್ದರೆ ಮಾತ್ರ. ವ್ಯಾನಿನಲ್ಲಿ ಅದು ಯಾವಾಗ ಸುಮ್ನೆ ಕೂರುತ್ತೆ? ಸಂಜೆ ಬಿಸಿಲು ಹೋದ ತಕ್ಷಣ 12.7 ನೋಡಿ ಖುಷಿಪಡುತ್ತಿದ್ದೆ. ಅದು ಬರೀ ಮೇಲ್ಮೇಲಿನ ಚಾರ್ಜ್. ಬೆಳಿಗ್ಗೆ ಅರ್ಧಕ್ಕಿಂತ ಎಷ್ಟೋ ಕೆಳಗೆ ಹೋಗಿರುತ್ತಿತ್ತು. ದಿನಾ ಹೀಗಾದರೆ ಯಾವ ಲೆಡ್ ಬ್ಯಾಟರಿ ಬಾಳುತ್ತೆ?

ಸ್ವಲ್ಪ ದಿನ ಹೈಡ್ರೋಮೀಟರ್ ಕೂಡ ಹಿಡಿದೆ, ಬ್ಯಾಟರಿಯ ಆಸಿಡ್ ಹೀರಿ ಅದರ ಸಾಂದ್ರತೆ ಅಳೆಯುವ ಕೊಳವೆ. ಫುಲ್ ಇದ್ದರೆ 1.265ರ ಹತ್ತಿರ, ಅರ್ಧಕ್ಕೆ 1.19ರ ಆಸುಪಾಸು. ಅದು ಸುಳ್ಳು ಹೇಳಲಿಲ್ಲ. ಆದರೆ ಬ್ಯಾಟರಿ ಇರುವುದು ಹಾಸಿಗೆ ಕೆಳಗೆ. ದಿನಾ ಹಾಸಿಗೆ ಎತ್ತಬೇಕು. ಒಂದು ಪ್ಯಾಂಟ್ ತೂತಾದ ಮೇಲೆ ಬಿಟ್ಟೆ.

ಆಮೇಲೆ 200 ಎಎಚ್ (ಆಂಪ್-ಅವರ್; ಒಂದು ಆಂಪ್ ಒಂದು ಗಂಟೆ ಹರಿದರೆ ಒಂದು ಎಎಚ್) ಲಿಥಿಯಂ ಹಾಕಿಸಿದೆ, ಎಲ್‌ಎಫ್‌ಪಿ ಅನ್ನುವ ಬಗೆ. ಎಲ್‌ಎಫ್‌ಪಿಯಲ್ಲಿ ವೋಲ್ಟೇಜ್ ನಂಬುವುದು ಇನ್ನೂ ದಂಡ. 80%ಗೂ 30%ಗೂ ಇರುವ ವ್ಯತ್ಯಾಸ 0.2 ವೋಲ್ಟ್ ಅಷ್ಟೇ, ಫ್ರಿಜ್ ಆನ್ ಆದರೆ ಅದಕ್ಕಿಂತ ಜಾಸ್ತಿ ಇಳಿಯುತ್ತೆ. ಬಿಎಂಎಸ್ ಜೊತೆ ಬಂದ ಮೊಬೈಲ್ ಆ್ಯಪ್ ನಂಬಿದೆ. ಅದರಲ್ಲಿ 54% ಇತ್ತು. ರಾತ್ರಿ ಎರಡು ಗಂಟೆಗೆ ಹೆಂಡತಿ ಎಬ್ಬಿಸಿ, 'ರೀ, ಫ್ರಿಜ್ ಸದ್ದೇ ಇಲ್ಲ' ಅಂದಳು. ನನ್ನ ಬಿಎಂಎಸ್ ಒಂದು ಆಂಪ್‌ಗಿಂತ ಕಡಿಮೆ ಕರೆಂಟನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಅಂತ ಆಮೇಲೆ ಗೊತ್ತಾಯಿತು.

ಹಾಗಾಗಿ ಹೋಗಿ ಬರುವ ಆಂಪ್ ಎಣಿಸುವುದೇ ದಾರಿ ಅಂತ ಹೊರಟೆ. ದುಡ್ಡು ಉಳಿಸೋಣ ಅಂತ ಮೊದಲು ಹಾಲ್ ಸೆನ್ಸರ್ ತಂದೆ, ವೈರ್ ಸುತ್ತಲಿನ ಕಾಂತಕ್ಷೇತ್ರ ನೋಡಿ ಕರೆಂಟ್ ಅಳೆಯುವಂಥದ್ದು. ವೈರ್ ಕಡಿಯುವ ಹಾಗಿಲ್ಲ, ಸುತ್ತ ಹಾಕಿದರೆ ಆಯಿತು. ಮಧ್ಯಾಹ್ನ ವ್ಯಾನ್ ಕಾದಾಗ ಎಲ್ಲಾ ಆಫ್ ಇದ್ದರೂ 0.6 ಆಂಪ್ ತೋರಿಸುತ್ತಿತ್ತು. ದಿನಪೂರ್ತಿ ಹಾಗೇ ಎಣಿಸಿದರೆ 14 ಎಎಚ್ ಸುಳ್ಳು ಲೆಕ್ಕ. ಅದು ಈಗ ಡಬ್ಬಿಯಲ್ಲಿ ಬಿದ್ದಿದೆ.

ಕೊನೆಗೆ 500 ಆಂಪ್, 50 ಮಿಲಿವೋಲ್ಟ್ ಶಂಟ್ ಇರುವ ಮೀಟರ್ ಹಾಕಿದೆ. ಶಂಟ್ ಅಂದರೆ ನೆಗೆಟಿವ್ ಕೇಬಲ್ ನಡುವೆ ಕೂರುವ ಲೋಹದ ಪಟ್ಟಿ; ಎಲ್ಲಾ ಕರೆಂಟ್ ಅದರ ಮೂಲಕ ಹೋಗಬೇಕು, ಅಲ್ಲಿ ಬೀಳುವ ಮಿಲಿವೋಲ್ಟ್ ನೋಡಿ ಮೀಟರ್ ಆಂಪ್ ಎಣಿಸುತ್ತೆ. ಕೂರಿಸುವುದು ಒಂದು ಗಂಟೆ ಕೆಲಸ. ಆದರೂ ಮೊದಲ ತಿಂಗಳು ಲೆಕ್ಕ ತಪ್ಪುತ್ತಲೇ ಇತ್ತು, ಅದೂ ಚಳಿ ಇದ್ದ ರಾತ್ರಿಗಳಲ್ಲಿ ಮಾತ್ರ. ಮೀಟರ್ ಕೆಟ್ಟಿದೆ ಅಂತ ವಾಪಸ್ ಕಳಿಸುವುದರಲ್ಲಿದ್ದೆ. ಒಂದು ರಾತ್ರಿ ಡೀಸೆಲ್ ಹೀಟರ್ ಆನ್ ಮಾಡಿ ಮೀಟರನ್ನೇ ನೋಡುತ್ತಾ ಕೂತೆ. ಡೀಸೆಲ್ ಹೊತ್ತಿಸುವ ಗ್ಲೋ ಪ್ಲಗ್ ಬಿಸಿಯಾಗುವಾಗ ಎಂಟು ಹತ್ತು ಆಂಪ್ ಏರಬೇಕು. ಅಂಕಿ ಅಲುಗಾಡಲಿಲ್ಲ. ಟಾರ್ಚ್ ಹಿಡಿದು ನೋಡಿದರೆ, ಬ್ಯಾಟರಿ ನೆಗೆಟಿವ್‌ನ ದೊಡ್ಡ ಲಗ್ (ಕೇಬಲ್ ತುದಿಯ ಲೋಹದ ಬಳೆ) ಅಡಿಯಲ್ಲಿ ಒಂದು ತೆಳ್ಳನೆ ಕಪ್ಪು ವೈರ್ ಅವಿತು ಕೂತಿದೆ. ಹೀಟರ್ ನೆಗೆಟಿವ್! ಶಂಟ್ ತಪ್ಪಿಸಿಕೊಂಡು ನೇರವಾಗಿ ಬ್ಯಾಟರಿಗೆ. ನಾನೇ ಹಾಕಿದ್ದು, ಮರೆತಿದ್ದೆ. ಈಗ ಆ ಟರ್ಮಿನಲ್ ಮೇಲೆ ಒಂದೇ ಲಗ್ ಇದೆ, ಅದು ಶಂಟ್‌ಗೆ ಹೋಗುತ್ತದೆ.

ಸೆಟ್ಟಿಂಗ್ ವಿಷಯ. ಪ್ಯೂಕರ್ಟ್ ಅಂಕಿ, ಅಂದರೆ ಜಾಸ್ತಿ ಕರೆಂಟ್ ಎಳೆದಷ್ಟೂ ಕೆಪ್ಯಾಸಿಟಿ ಎಷ್ಟು ಕುಗ್ಗುತ್ತೆ ಅನ್ನುವ ಲೆಕ್ಕ, ಲೆಡ್‌ಗೆ ಇರುವ 1.25ರಲ್ಲೇ ಬಿಟ್ಟಿದ್ದೆ, 1.05ಕ್ಕೆ ಇಳಿಸಿದೆ. ಚಾರ್ಜ್ ಎಫಿಷಿಯೆನ್ಸಿ (ತುಂಬಿದ್ದರಲ್ಲಿ ವಾಪಸ್ ಸಿಗುವ ಪಾಲು) 99%. ಎಲ್ಲಾ ಲೋಡ್ ಬಿಚ್ಚಿ ಜೀರೋ ಮಾಡಿದ ಮೇಲೆ, ಅದಕ್ಕಿಂತ ಕಡಿಮೆ ಕರೆಂಟನ್ನು ಮೀಟರ್ ಸೊನ್ನೆ ಅಂತ ಬಿಡುವ 0.1 ಆಂಪ್ ಮಿತಿಯನ್ನೂ ಇಳಿಸಿದೆ. ಗ್ಯಾಸ್ ಅಲಾರಂ ತರಹದ ಸಣ್ಣಪುಟ್ಟವು ಸೇರಿ 0.08 ಆಂಪ್ ಎಳೆಯುತ್ತಿದ್ದವು. ದಿನಕ್ಕೆ ಎರಡು ಎಎಚ್, ವ್ಯಾನ್ ಎರಡು ವಾರ ನಿಂತರೆ 27.

ಜಾಸ್ತಿ ಕಾಡಿದ್ದು ಸಿಂಕ್, ಅಂದರೆ ಬ್ಯಾಟರಿ ಫುಲ್ ಆದಾಗ ಮೀಟರ್ ತನ್ನ ಲೆಕ್ಕವನ್ನು 100ಕ್ಕೆ ಹೊಂದಿಸಿಕೊಳ್ಳುವುದು. ಸೋಲಾರ್ ಚಾರ್ಜ್ ಚೆನ್ನಾಗಿ ನಡೆಯುತ್ತಿರುವಾಗ ಮೋಡ ಬಂದು ಕರೆಂಟ್ ಬಿದ್ದರೆ, ಮೀಟರ್ 'ಓಹೋ, ಫುಲ್ ಆಯಿತು' ಅಂತ 91ರಿಂದ 100ಕ್ಕೆ ಹಾರುತ್ತಿತ್ತು. ಫುಲ್ ಅನ್ನಲು ಮುಟ್ಟಬೇಕಾದ ಚಾರ್ಜ್ಡ್ ವೋಲ್ಟೇಜನ್ನು ಚಾರ್ಜರ್‌ನ 14.2ಕ್ಕಿಂತ 0.2 ಕೆಳಗಿಟ್ಟೆ. ಟೇಲ್ ಕರೆಂಟ್, ಅಂದರೆ ಚಾರ್ಜ್ ಕರೆಂಟ್ ಕೆಪ್ಯಾಸಿಟಿಯ ಎಷ್ಟು ಪಾಲಿಗೆ ಇಳಿದರೆ ಫುಲ್ ಅನ್ನುವ ಮಿತಿ, 4% ಇದ್ದದ್ದನ್ನು 2% ಮಾಡಿದೆ. ಫುಲ್ ಅನ್ನುವ ಮೊದಲು ಮೀಟರ್ ಕಾದು ನೋಡುವ ಸಮಯ ಹೆಚ್ಚಿಸಿದೆ. ಎಷ್ಟು ನಿಮಿಷ ಅಂತ ಕೇಳಬೇಡಿ, ಅದು ನಾನು ಎರಡು ತಿಂಗಳು ಮೋಡ ನೋಡಿ ಕಂಡುಕೊಂಡಿದ್ದು.

ನಡುವೆ ಇನ್ನೊಂದು ಹುಚ್ಚು. ಕರೆಂಟ್ ಅಳೆಯುವ ಐಎನ್‌ಎ226 ಚಿಪ್, ವೈಫೈ ಇರುವ ಪುಟ್ಟ ಕಂಪ್ಯೂಟರಿನಂಥ ಒಂದು ಇಎಸ್‌ಪಿ32 ಬೋರ್ಡ್ ತಂದು ಅದೇ ಶಂಟ್‌ಗೆ ಕಟ್ಟಿದೆ. 2.5 ಮೈಕ್ರೋವೋಲ್ಟ್‌ವರೆಗೆ ಓದುತ್ತೆ, ಈ ಶಂಟ್‌ನಲ್ಲಿ ಅಂದರೆ 25 ಮಿಲಿಆಂಪ್. ದುಬಾರಿ ಮೀಟರ್‌ಗೂ ಇದಕ್ಕೂ ಒಂದು ಪರ್ಸೆಂಟ್ ಅಷ್ಟೇ ವ್ಯತ್ಯಾಸ ಬಂತು! ಆದರೆ ವೈಫೈ ಆನ್ ಇಟ್ಟರೆ ಆ ಬೋರ್ಡೇ ದಿನಕ್ಕೆ ಒಂದು ಎಎಚ್ ತಿನ್ನುತ್ತಿತ್ತು. ಅಳೆಯುವವನೇ ಕದಿಯುವುದಾದರೆ ಹೇಗೆ ಅಂತ ತೆಗೆದಿಟ್ಟೆ.

ಮುಖ್ಯವಾದದ್ದು ನಿಜವಾದ ಕೆಪ್ಯಾಸಿಟಿ. ಮೇಲೆ 200 ಅಂತ ಬರೆದಿದ್ದರೂ ಮೀಟರ್‌ಗೆ ಆ ಅಂಕಿ ಕೊಡಬೇಡಿ. ಫುಲ್ ಮಾಡಿ, ಫ್ರಿಜ್ ಜೊತೆ ಹಳೆ ಹೆಡ್‌ಲೈಟ್ ಬಲ್ಬ್ ಹಚ್ಚಿಟ್ಟೆ. ಒಟ್ಟು ಹತ್ತು ಆಂಪ್ ಹತ್ತಿರ. ಹತ್ತೊಂಬತ್ತು ಗಂಟೆ ನಡೆಯಿತು. ಕೊನೇ ತನಕ ಬಲ್ಬ್ ಒಂದೇ ಸಮ ಉರಿದು, ಆಮೇಲೆ ಕೆಲವೇ ನಿಮಿಷದಲ್ಲಿ ಮಂಕಾಗಿ ಆರಿತು. ಮೀಟರ್ ಎಣಿಸಿದ್ದು 188ರ ಆಸುಪಾಸು. ನಾನು 185 ಹಾಕಿದೆ.

ಇಂಜಿನ್ ಬ್ಯಾಟರಿ ಕಡೆ ಇನ್ನೂ ಕೈ ಹಾಕಿಲ್ಲ. ಅಲ್ಲಿ ಆ ಹಳೆ ಪ್ಯಾನಲ್ಲೇ ಇದೆ. ನಾಲ್ಕೂ ದೀಪ ಉರಿಯುತ್ತಿವೆ. ಜಂಪರ್ ಕೇಬಲ್ ಮಾತ್ರ ಸೀಟಿನ ಕೆಳಗೇ ಇಟ್ಟುಕೊಂಡಿದ್ದೇನೆ.