ಪಾಲಕ್ ಮತ್ತು ಬಸಳೆ: ಒಂದೇ ಮಡಿ, ಎರಡು ಹಂಗಾಮು

ಅಡುಗೆಯಲ್ಲಿ ಒಂದು ಇಲ್ಲದಾಗ ಇನ್ನೊಂದನ್ನು ಬಳಸಬಹುದು ಎಂಬ ಕಾರಣಕ್ಕೆ ಪಾಲಕ್ ಮತ್ತು ಬಸಳೆಯನ್ನು ಹಲವರು ಒಂದೇ ಬಗೆಯ ಸೊಪ್ಪು ಎಂದು ಭಾವಿಸಿ, ಒಂದೇ ದಿನ ಒಂದೇ ಮಡಿಯಲ್ಲಿ ಹಾಕಿಬಿಡುತ್ತಾರೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಒಂದು ಸೊಂಪಾಗಿ ಬೆಳೆದಿದ್ದರೆ, ಇನ್ನೊಂದು ಹೂದಂಡು ಎತ್ತಿ ನಿಂತಿರುತ್ತದೆ ಇಲ್ಲವೇ ಮುರುಟಿಕೊಂಡಿರುತ್ತದೆ. ಇದಕ್ಕೆ ಕಾರಣವನ್ನು ಗೊಬ್ಬರದ ಚೀಲದಲ್ಲಿ ಹುಡುಕುವವರೇ ಹೆಚ್ಚು. ಆದರೆ ಅದು ಸಿಗುವುದು ಹಗಲಿನ ಉದ್ದದಲ್ಲಿ ಮತ್ತು ಮಣ್ಣಿನ ಬಿಸಿಯಲ್ಲಿ. ಪಾಲಕ್ ದಂಟಿನ ಕುಟುಂಬಕ್ಕೆ ಸೇರಿದ, ತಂಪು ಬಯಸುವ, ಬಹುಬೇಗ ಬಾಳು ಮುಗಿಸುವ ಗಿಡ. ಬಸಳೆ ತನ್ನದೇ ಆದ ಚಿಕ್ಕ ಕುಟುಂಬದ ಬಳ್ಳಿಯಾಗಿದ್ದು, ಹಿಮ ಬೀಳದ ಕಡೆ ವರ್ಷಗಟ್ಟಲೆ ಬದುಕುತ್ತದೆ.

ಮೊದಲು ಬೀಜವನ್ನು ಗುರುತಿಸಿಕೊಳ್ಳಿ

ಪಾಲಕ್ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಗಿಡಗಳ ಬೀಜ ಸಿಗುತ್ತದೆ. ಮೊದಲನೆಯದು ನಿಜವಾದ ಪಾಲಕ್, ಅಂದರೆ ಸ್ಪಿನೇಸಿಯಾ ಒಲರೇಸಿಯಾ. ಎರಡನೆಯದು ಬೀಟ್‌ರೂಟ್‌ನ ಹತ್ತಿರದ ಸಂಬಂಧಿಯಾದ ಸೊಪ್ಪಿನ ಬೀಟ್. ಪೊಟ್ಟಣದ ಮೇಲಿನ ಚಿತ್ರವನ್ನು ನಂಬುವ ಬದಲು ಬೀಜವನ್ನು ಅಂಗೈಯಲ್ಲಿ ಹರಡಿಕೊಂಡು ನೋಡಿದರೆ ಅನುಮಾನ ಬಗೆಹರಿಯುತ್ತದೆ. ಒರಟಾದ, ಬೆಂಡಿನಂಥ, ಗಂಟು ಗಂಟಾದ ಕಾಳಾಗಿದ್ದರೆ ಅದು ಬೀಟ್ ಜಾತಿಯದು. ಅಂಥ ಒಂದೊಂದು ಗಂಟಿನಲ್ಲಿಯೂ ಒಂದಕ್ಕಿಂತ ಹೆಚ್ಚು ಬೀಜಗಳಿರುವುದರಿಂದ ಒಂದೇ ಜಾಗದಲ್ಲಿ ಎರಡು ಮೂರು ಸಸಿಗಳು ಒಟ್ಟಿಗೆ ಏಳುತ್ತವೆ. ನಿಜವಾದ ಪಾಲಕ್‌ನ ಬೀಜ ದುಂಡಗಿರುತ್ತದೆ ಅಥವಾ ತಳಿಯನ್ನು ಅವಲಂಬಿಸಿ ಮುಳ್ಳುಮುಳ್ಳಾಗಿರುತ್ತದೆ. ಬೀಟ್ ಜಾತಿಯ ಸೊಪ್ಪು ಬಿಸಿಲನ್ನು ಸಾಕಷ್ಟು ತಾಳಿಕೊಳ್ಳುತ್ತದೆ, ಹಲವು ಕೊಯ್ಲನ್ನೂ ಕೊಡುತ್ತದೆ. ಈ ಲೇಖನದಲ್ಲಿ ಪಾಲಕ್ ಎಂದಿರುವುದೆಲ್ಲ ನಿಜವಾದ ಪಾಲಕ್‌ಗೆ ಸಂಬಂಧಿಸಿದ್ದು.

ಬಸಳೆಯ ವಿಷಯದಲ್ಲಿ ಇಂಥ ಗೊಂದಲವಿಲ್ಲ. ಹಸಿರು ಕಾಂಡದ್ದು ಮತ್ತು ಕೆಂಪು ಕಾಂಡದ್ದು ಎಂಬ ಎರಡು ಬಗೆಗಳಿದ್ದು, ಇವೆರಡನ್ನೂ ಈಗ ಸಸ್ಯಶಾಸ್ತ್ರಜ್ಞರು ಬ್ಯಾಸೆಲ್ಲಾ ಆಲ್ಬಾ ಎಂಬ ಒಂದೇ ಪ್ರಭೇದದಲ್ಲಿ ಸೇರಿಸುತ್ತಾರೆ. ಬೇಸಾಯದ ಕ್ರಮದಲ್ಲಿ ಇವೆರಡರ ನಡುವೆ ವ್ಯತ್ಯಾಸವಿಲ್ಲ.

ಕಾಲವನ್ನು ಆರಿಸುವುದು

ಉಳಿದೆಲ್ಲ ಕೆಲಸಗಳಲ್ಲಿ ಅಲ್ಪಸ್ವಲ್ಪ ತಪ್ಪಿದರೂ ಸೊಪ್ಪು ಕೈಗೆ ಸಿಗುತ್ತದೆ, ಆದರೆ ಈ ಹಂತದಲ್ಲಿ ತಪ್ಪಿದರೆ ಮುಂದಿನ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಪಾಲಕ್ ದೀರ್ಘ ಹಗಲಿನ ಗಿಡ. ಹಗಲು ಸುಮಾರು 13ರಿಂದ 14 ಗಂಟೆಗಳನ್ನು ದಾಟುತ್ತಿದ್ದಂತೆ ಅದು ಎಲೆ ಬಿಡುವುದನ್ನು ಕಡಿಮೆ ಮಾಡಿ ಹೂದಂಡನ್ನು ಮೇಲಕ್ಕೆತ್ತುತ್ತದೆ, ಎಲೆಗಳು ಚಿಕ್ಕದಾಗಿ ಕಹಿಯಾಗುತ್ತವೆ. ಬಿಸಿಯೂ ಒಣ ಮಣ್ಣೂ ಜೊತೆಗೂಡಿದರೆ ಇದು ಇನ್ನೂ ಬೇಗ ನಡೆಯುತ್ತದೆ. ಬಸಳೆ ಇದಕ್ಕೆ ನೇರ ವಿರುದ್ಧವಾದ ಅಲ್ಪ ಹಗಲಿನ ಗಿಡ. ಹಗಲು 13 ಗಂಟೆಗಿಂತ ಹೆಚ್ಚಿರುವವರೆಗೆ ಹೂವಿನ ಯೋಚನೆಯಿಲ್ಲದೆ ಬಳ್ಳಿಯನ್ನೂ ಎಲೆಯನ್ನೂ ಬೆಳೆಸುತ್ತಾ ಹೋಗುತ್ತದೆ, ಹಗಲು ಕುಗ್ಗಿದಾಗ ಹೂಗೊಂಚಲು ಬಿಡುತ್ತದೆ. ಒಂದು ಗಿಡ ಎಲೆ ನಿಲ್ಲಿಸುವ ಹೊತ್ತಿಗೇ ಇನ್ನೊಂದು ಎಲೆ ಹಿಡಿಯುವ ಈ ಹೊಂದಾಣಿಕೆ ತೋಟ ಮಾಡುವವರಿಗೆ ಕೇಳದೆ ಸಿಕ್ಕ ಅನುಕೂಲ.

ಸಮಭಾಜಕ ವೃತ್ತದ ಸಮೀಪದಲ್ಲಿ ಹಗಲು ವರ್ಷವಿಡೀ 12 ಗಂಟೆಗಳ ಆಸುಪಾಸಿನಲ್ಲಿರುವುದರಿಂದ ಅಲ್ಲಿ ಪಾಲಕ್ ಕೆಡುವುದು ಮುಖ್ಯವಾಗಿ ಬಿಸಿಯಿಂದ. ಬಸಳೆ ಅಲ್ಲಿ ಯಾವಾಗ ಬೇಕಾದರೂ ಹೂ ಬಿಡಬಹುದು. ಕುಡಿಯನ್ನು ಚಿವುಟುತ್ತಿರುವುದೇ ಅದಕ್ಕಿರುವ ಉಪಾಯ.

ಮಣ್ಣಿನ ಬಿಸಿಯನ್ನೂ ಗಮನಿಸಬೇಕು. ಪಾಲಕ್ ಬೀಜ 10ರಿಂದ 20 ಡಿಗ್ರಿ ಸೆಲ್ಸಿಯಸ್ ಇರುವ ಮಣ್ಣಿನಲ್ಲಿ ಚೆನ್ನಾಗಿ ಮೊಳೆಯುತ್ತದೆ, 30 ಡಿಗ್ರಿ ದಾಟಿದರೆ ಮೊಳೆಯುವ ಪ್ರಮಾಣ ಥಟ್ಟನೆ ಕುಸಿಯುತ್ತದೆ. ಬೇರೂರಿದ ಪಾಲಕ್ ಗಿಡ ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗಿನ ಚಳಿಯನ್ನೂ ಸಹಿಸುತ್ತದೆ. ಬಸಳೆಗೆ ಮೊಳೆಯುವಾಗ 20 ಡಿಗ್ರಿಗಿಂತ ಹೆಚ್ಚಿನ ಬೆಚ್ಚಗೆ ಬೇಕು, 15 ಡಿಗ್ರಿಯ ಕೆಳಗೆ ಅದರ ಬೆಳವಣಿಗೆ ನಿಂತೇಹೋಗುತ್ತದೆ, ಹಿಮ ಬಿದ್ದರೆ ಬಳ್ಳಿ ಒಂದೇ ರಾತ್ರಿಯಲ್ಲಿ ಕರಗಿದಂತಾಗಿ ಸಾಯುತ್ತದೆ.

ಮಣ್ಣನ್ನು ಹದ ಮಾಡುವುದು

ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿದ, ನೀರು ಬಸಿದುಹೋಗುವ ಮಣ್ಣು ಎರಡಕ್ಕೂ ಬೇಕು. ಹುಳಿ ಮಣ್ಣಿನ ವಿಷಯದಲ್ಲಿ ಮಾತ್ರ ಇವು ಬೇರೆಯಾಗುತ್ತವೆ. ಪಾಲಕ್‌ಗೆ 6.5ರಿಂದ 7.5ರ ನಡುವಿನ ರಸಸಾರ (ಪಿಎಚ್; ಈ ಅಂಕಿ ಇಳಿದಷ್ಟೂ ಮಣ್ಣು ಹೆಚ್ಚು ಹುಳಿ) ಬೇಕಾಗಿದ್ದು, ಮಣ್ಣು ಅದಕ್ಕಿಂತ ಹುಳಿಯಾಗಿದ್ದರೆ ಎಲೆಯ ಅಂಚು ಹಳದಿಗಟ್ಟಿ ಗಿಡ ಕುಬ್ಜವಾಗುತ್ತದೆ. ಆದ್ದರಿಂದ ಬಿತ್ತುವ ಕೆಲವು ವಾರಗಳ ಮೊದಲೇ, ಮಣ್ಣನ್ನು ಪರೀಕ್ಷಿಸಿದ ನಂತರ, ಅಗತ್ಯವಿರುವಷ್ಟು ಕೃಷಿ ಸುಣ್ಣವನ್ನು ಬೆರೆಸಬೇಕು. ಬಸಳೆ 5.5ರಷ್ಟು ಹುಳಿಯಿರುವ ಮಣ್ಣಿನಲ್ಲಿಯೂ ದೂರಿಲ್ಲದೆ ಬೆಳೆಯುತ್ತದೆ.

ಬಿತ್ತನೆ ಮತ್ತು ನಾಟಿ

ಪಾಲಕ್ ಬೀಜವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಒಂದರಿಂದ ಒಂದೂವರೆ ಸೆಂಟಿಮೀಟರ್ ಆಳದಲ್ಲಿ, ಸಾಲಿನಿಂದ ಸಾಲಿಗೆ 20ರಿಂದ 30 ಸೆಂಟಿಮೀಟರ್ ಅಂತರವಿಟ್ಟು ನೇರವಾಗಿ ಮಡಿಯಲ್ಲಿಯೇ ಬಿತ್ತಬೇಕು. ಇದಕ್ಕೆ ತಾಯಿಬೇರು ಇರುವುದರಿಂದ ಸಸಿಯನ್ನು ಕಿತ್ತು ಬೇರೆಡೆ ನೆಟ್ಟರೆ ಸೊರಗುತ್ತದೆ. ಮೊದಲು ಬರುವ ಬೀಜದೆಲೆಗಳ ನಂತರ ಎರಡು ನಿಜವಾದ ಎಲೆಗಳು ಮೂಡಿದಾಗ ಗಿಡದಿಂದ ಗಿಡಕ್ಕೆ 8ರಿಂದ 10 ಸೆಂಟಿಮೀಟರ್ ಬಿಟ್ಟು ಉಳಿದವನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸುವುದು ಒಳ್ಳೆಯದು, ಏಕೆಂದರೆ ಕೈಯಿಂದ ಕಿತ್ತರೆ ಪಕ್ಕದ ಗಿಡದ ಬೇರೂ ಅಲುಗುತ್ತದೆ. ಹೀಗೆ ಕತ್ತರಿಸಿದ ಎಳೆಯ ಸಸಿಗಳನ್ನು ಎಸೆಯಬೇಕಿಲ್ಲ, ಅವು ತಿನ್ನಲು ಯೋಗ್ಯ. ಎರಡು ವಾರಕ್ಕೊಮ್ಮೆ ಒಂದೊಂದು ಸಾಲು ಬಿತ್ತಿದರೆ ಎಲ್ಲ ಗಿಡಗಳೂ ಒಟ್ಟಿಗೇ ಕೊಯ್ಲಿಗೆ ಬರುವುದು ತಪ್ಪುತ್ತದೆ. ಹಳೆಯ ಬೀಜವನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಪಾಲಕ್ ಬೀಜದ ಶಕ್ತಿ ಬೇಗ ಕುಂದುತ್ತದೆ.

ಬಸಳೆಯನ್ನು ಬೀಜದಿಂದಲೂ ಬೆಳೆಸಬಹುದು, ಆದರೆ ಅದು ಮೊಳೆಯಲು ಎರಡು ಮೂರು ವಾರ ಹಿಡಿಯುವುದುಂಟು. ಬಲಿತ ಬಳ್ಳಿ ಎಲ್ಲಿಯಾದರೂ ಸಿಗುವಂತಿದ್ದರೆ ಬೀಜದ ಗೊಡವೆಗೇ ಹೋಗದಿರುವುದು ಜಾಣತನ. 20ರಿಂದ 25 ಸೆಂಟಿಮೀಟರ್ ಉದ್ದದ, ಮೂರು ನಾಲ್ಕು ಗೆಣ್ಣುಗಳಿರುವ ಕಾಂಡದ ತುಂಡನ್ನು ತೆಗೆದುಕೊಂಡು, ಕೆಳಗಿನ ಎಲೆಗಳನ್ನು ಬಿಡಿಸಿ, ಎರಡು ಗೆಣ್ಣುಗಳು ಮಣ್ಣಿನೊಳಗಿರುವಂತೆ ಊರಿ, ಒಂದೆರಡು ವಾರ ನೆರಳಿನಲ್ಲಿ ತೇವ ಆರದಂತೆ ನೋಡಿಕೊಂಡರೆ ಬೇರು ಬರುತ್ತದೆ. ತುಂಡನ್ನು ತಲೆಕೆಳಗಾಗಿ ಊರದಂತೆ ಎಚ್ಚರ ವಹಿಸಬೇಕು. ಕೇಳಲು ನಗು ಬಂದರೂ ಎಲೆ ಬಿಡಿಸಿದ ತುಂಡುಗಳ ರಾಶಿಯಲ್ಲಿ ತಲೆ ಯಾವುದು, ಬುಡ ಯಾವುದು ಎಂಬುದು ಮರೆತುಹೋಗುತ್ತದೆ. ಬುಡವನ್ನು ಓರೆಯಾಗಿ, ತಲೆಯನ್ನು ನೇರವಾಗಿ ಕತ್ತರಿಸಿಟ್ಟುಕೊಂಡರೆ ಈ ತೊಡಕಿಲ್ಲ. ಬಳ್ಳಿಗಳ ನಡುವೆ 30 ಸೆಂಟಿಮೀಟರ್ ಇರಲಿ.

ನೀರು, ಆಸರೆ, ರೋಗ

ಪಾಲಕ್ ಮಡಿಯ ಮೇಲ್ಮಣ್ಣು ಸದಾ ಹಸಿಯಾಗಿರಬೇಕು, ಆದರೆ ನೀರು ನಿಲ್ಲಬಾರದು. ಎಲೆಯ ಮೇಲೆ ನೀರು ಸುರಿಯದೆ ಬುಡಕ್ಕೆ ಹಾಕಿದರೆ, ಎಲೆಯ ಅಡಿಯಲ್ಲಿ ಬೂದುಬಣ್ಣದ ತುಪ್ಪಳದಂತೆ ಕಾಣಿಸಿಕೊಳ್ಳುವ ಬೂಜು ರೋಗ ಕಡಿಮೆಯಾಗುತ್ತದೆ. ಎಲೆಯೊಳಗೆ ಸುರುಳಿ ಸುರುಳಿಯಾದ ಬಿಳಿ ಗೆರೆಗಳು ಕಂಡರೆ ಅದು ರಂಗೋಲಿ ಹುಳುವಿನ ಕೆಲಸ. ಹುಳು ಎಲೆಯ ಪದರಗಳ ನಡುವೆ ಇರುವುದರಿಂದ ಮೇಲಿನ ಸಿಂಪಡಣೆಗಿಂತ ಅಂಥ ಎಲೆಗಳನ್ನು ಕಿತ್ತು ನಾಶಮಾಡುವುದೇ ಹೆಚ್ಚು ಫಲಕಾರಿ.

ಬಸಳೆ ನೀರನ್ನು ಹೆಚ್ಚು ಬಯಸುವ ಬಳ್ಳಿ. ಮಣ್ಣು ಒಣಗಿದರೆ ಅದೂ ಹೂವಿನತ್ತ ತಿರುಗುತ್ತದೆ. ಹಲವು ಮೀಟರ್ ಹಬ್ಬುವ ಈ ಬಳ್ಳಿಗೆ ಚಪ್ಪರ ಅಥವಾ ಗಟ್ಟಿಯಾದ ಹಗ್ಗದ ಆಸರೆ ಬೇಕು. ರಸ ತುಂಬಿದ ಕಾಂಡ ನೋಡಿದ್ದಕ್ಕಿಂತ ಭಾರವಾಗಿರುವುದರಿಂದ ತೆಳು ಕಡ್ಡಿಗಳು ಸಾಲುವುದಿಲ್ಲ. ಇದನ್ನು ಕಾಡುವುದು ಮುಖ್ಯವಾಗಿ ಕೆಂಪಂಚಿನ ಎಲೆ ಚುಕ್ಕೆ ರೋಗ ಮತ್ತು ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳು. ಬೇರುಗಂಟು ಕಂಡ ಜಾಗದಲ್ಲಿ ಮರುವರ್ಷ ಬಸಳೆಯನ್ನು ನೆಡಬಾರದು.

ಕೊಯ್ಲು ಮತ್ತು ಮಡಿಯ ಹಸ್ತಾಂತರ

ಪಾಲಕ್ ಬಿತ್ತಿದ 40ರಿಂದ 50 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ನಡುವಿನ ಸುಳಿಯನ್ನು ಮುಟ್ಟದೆ ಹೊರ ಎಲೆಗಳನ್ನಷ್ಟೇ ಕಿತ್ತುಕೊಂಡರೆ ಇನ್ನೂ ಹಲವು ಸಲ ಎಲೆ ಸಿಗುತ್ತದೆ. ಸುಳಿ ನೀಳವಾಗಿ ಮೇಲೇಳತೊಡಗಿತೆಂದರೆ ಕಾಯುವುದರಲ್ಲಿ ಅರ್ಥವಿಲ್ಲ, ಇಡೀ ಗಿಡವನ್ನೇ ಕೊಯ್ದುಬಿಡಬೇಕು. ಬಸಳೆಯ ಕುಡಿಗಳನ್ನು 15ರಿಂದ 20 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿದಷ್ಟೂ ಪಕ್ಕದ ಕವಲುಗಳು ಒಡೆಯುತ್ತವೆ. ಎರಡೂ ಸೊಪ್ಪಿನಲ್ಲಿ ಮೂತ್ರಪಿಂಡದ ಕಲ್ಲಿಗೆ ಕಾರಣವಾಗಬಲ್ಲ ಆಕ್ಸಲೇಟ್ ಎಂಬ ಅಂಶ ಇದ್ದು ಪಾಲಕ್‌ನಲ್ಲಿ ಅದು ವಿಶೇಷವಾಗಿ ಹೆಚ್ಚು. ಮೂತ್ರಪಿಂಡದ ಕಲ್ಲಿನ ತೊಂದರೆಯಿರುವವರು ವೈದ್ಯರ ಸಲಹೆ ಪಡೆಯಬೇಕು.

ಒಂದೇ ಮಡಿ ಇರುವವರು ಪಾಲಕ್ ಮುಗಿಯುವುದಕ್ಕೆ ಮೂರು ವಾರ ಮೊದಲು ಬಸಳೆಯ ತುಂಡುಗಳನ್ನು ಕುಂಡದಲ್ಲಿ ಊರಿಟ್ಟು, ಪಾಲಕ್ ಕಿತ್ತ ನಂತರ ಮಡಿಗೆ ಹೊಸ ಕಾಂಪೋಸ್ಟ್ ಬೆರೆಸಿ ಬೇರು ಬಂದ ಬಳ್ಳಿಯನ್ನು ಅಲ್ಲಿಗೆ ಇಳಿಸಬಹುದು. ಬೀಜಕ್ಕೆಂದು ಪಾಲಕ್ ಬಿಡುವುದಾದರೆ ಒಂದೆರಡು ಗಿಡ ಸಾಲದು; ಅದರಲ್ಲಿ ಗಂಡು ಮತ್ತು ಹೆಣ್ಣು ಹೂಗಳು ಸಾಮಾನ್ಯವಾಗಿ ಬೇರೆ ಬೇರೆ ಗಿಡಗಳಲ್ಲಿದ್ದು ಪರಾಗ ಗಾಳಿಯಲ್ಲಿ ಸಾಗುವುದರಿಂದ, ಒಂದು ಗುಂಪನ್ನೇ ಉಳಿಸಿಕೊಳ್ಳಬೇಕಾಗುತ್ತದೆ. ಬಸಳೆಗೆ ಒಂದೇ ಬಳ್ಳಿ ಸಾಕು. ಕಪ್ಪುನೇರಳೆ ಬಣ್ಣಕ್ಕೆ ತಿರುಗಿದ ಹಣ್ಣುಗಳನ್ನು ಹಿಸುಕಿ ತೊಳೆದು ಬೀಜವನ್ನು ನೆರಳಿನಲ್ಲಿ ಒಣಗಿಸಿ, ಹಾಗೆ ಮಾಡುವಾಗ ಹಳೆಯ ಬಟ್ಟೆಯನ್ನೇ ತೊಟ್ಟಿರಿ, ಏಕೆಂದರೆ ಆ ರಸದ ಕಲೆ ಸುಲಭಕ್ಕೆ ಹೋಗುವಂಥದ್ದಲ್ಲ.